ದೂರದಿಂದ ತೆಗೆದ ಮುಖ

ತುಲಾ ತಿಂಗಳ ಹತ್ತು ಕಳೆದು ಕಾವುಗಳಲ್ಲಿ ಚೆಂಡೆಯ ಸದ್ದು ಸುರುವಾದರೆ ನಮ್ಮ ಕಡೆ ಉದ್ದದ ಲೆನ್ಸುಗಳೂ ಹೊರಗೆ ಬರುತ್ತವೆ. ಮೊದಲೆಲ್ಲ ಕಣ್ಣೂರು, ಮಂಗಳೂರು, ಬೆಂಗಳೂರಿನಿಂದ ಬಂದವರ ಹೆಗಲಲ್ಲಿ ಮಾತ್ರ ಕಾಣುತ್ತಿದ್ದ ವಸ್ತು ಅದು. ಈಗ ಊರಿನ ಹುಡುಗರ ಹತ್ತಿರವೂ ಉಂಟು. ಹೆಚ್ಚಾಗಿ 70ರಿಂದ 300 ಎಂ.ಎಂ.ವರೆಗೆ ಹಿಗ್ಗುವ ಜೂಮ್ ಲೆನ್ಸು. ಗಲ್ಫಿನಿಂದ ಅಣ್ಣ ತಂದದ್ದೋ, ಕಂತಿನಲ್ಲಿ ತೆಗೆದದ್ದೋ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವನು, ಮೂವತ್ತು ವರ್ಷದಿಂದ ಕ್ಯಾಮೆರಾ ಹಿಡಿದವನು ಎಂಬ ಕಾರಣಕ್ಕೆ ಅವರು ನನ್ನಲ್ಲಿ ಕೇಳುವ ಪ್ರಶ್ನೆ ಒಂದೇ: "ಸರ್, ಹೊರಗೆ ಈ ಲೆನ್ಸಲ್ಲಿ ತೆಗೆದ ಜನರ ಫೋಟೋ ಅಂದಾಜು ಮಾಡಿದಷ್ಟು ಚಂದ ಬರುವುದಿಲ್ಲ. ಎಂತ ಮಾಡುವುದು?"

ಈ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಕೂತಿದೆ. ಚಂದ ಎಂದರೆ ಯಾರಿಗೆ ಚಂದ? ತೆಗೆದವನಿಗೋ, ನೋಡುವವನಿಗೋ, ಆ ಮುಖ ಯಾರದ್ದೋ ಅವರಿಗೋ? ನಾನು ಬರೆಯಹೊರಟದ್ದು ಈ ಎರಡನೆಯದರ ಬಗ್ಗೆ. ಆದರೆ ಮೊದಲನೆಯದಕ್ಕೆ ಉತ್ತರ ಹೇಳದೆ ಎರಡನೆಯದಕ್ಕೆ ಹಾರಿದರೆ ಅದು ಬರೀ ಉಪದೇಶವಾದೀತು. ಹಾಗಾಗಿ ಕೆಲಸದ ಮಾತು ಮೊದಲು.

ಉದ್ದದ ಲೆನ್ಸು ದೂರದವರನ್ನು ಹತ್ತಿರಕ್ಕೆ ತರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಹತ್ತಿರ ತರುವುದಿಲ್ಲ. ಸಣ್ಣವರಿರುವಾಗ ಪಪ್ಪಾಯಿ ಎಲೆಯ ದಂಟನ್ನು ಕೊಳವೆ ಮಾಡಿ ಅದರಲ್ಲಿ ನೋಡುತ್ತಿದ್ದೆವಲ್ಲ, ಸುತ್ತಲಿನದ್ದೆಲ್ಲ ಹೋಗಿ ಒಂದು ತುಂಡು ಮಾತ್ರ ಕಾಣುತ್ತಿತ್ತು. ಲೆನ್ಸು ಮಾಡುವುದೂ ಅಷ್ಟೆ. ನಾವು ನಿಂತಲ್ಲಿಂದ ಕಾಣುವುದರಲ್ಲಿ ಒಂದು ತುಂಡನ್ನು ಕತ್ತರಿಸಿ ದೊಡ್ಡದು ಮಾಡಿ ಕೊಡುತ್ತದೆ. ನಾವು ಮಾತ್ರ ನಿಂತಲ್ಲೇ ನಿಂತಿರುತ್ತೇವೆ. ಅದು ಮುಖದಲ್ಲಿ ಗೊತ್ತಾಗುತ್ತದೆ.

ಹೇಗೆಂದರೆ, ಮೂಗಿನ ತುದಿಯಿಂದ ಕಿವಿಗೆ ಸುಮಾರು ಹನ್ನೆರಡು ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಮೊಬೈಲನ್ನು ಒಂದಡಿ ದೂರ ಹಿಡಿದು ಸೆಲ್ಫಿ ತೆಗೆದರೆ ಮೂಗು ಮೂವತ್ತು ಸೆಂಟಿಮೀಟರ್ ದೂರದಲ್ಲಿ, ಕಿವಿ ನಲವತ್ತೆರಡರಲ್ಲಿ. ಮೂಗು ಅಷ್ಟು ಹತ್ತಿರ ಇದ್ದ ಮೇಲೆ ದೊಡ್ಡದಾಗಿ ಕಾಣಲೇಬೇಕು. ಐದಡಿ ದೂರದಿಂದ ತೆಗೆದದ್ದಕ್ಕೆ ಹೋಲಿಸಿದರೆ ಒಂದಡಿಯ ಸೆಲ್ಫಿಯಲ್ಲಿ ಮೂಗು ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಸೆಲ್ಫಿ ನೋಡಿ ಮೂಗಿನ ಆಪರೇಷನ್ನಿಗೆ ಹೊರಟವರಿಗೆ ಉತ್ತರವಾಗಿ! ಅದೇ ಮೂರು ಮೀಟರ್ ದೂರ ನಿಂತರೆ ಮೂಗು 300, ಕಿವಿ 312. ವ್ಯತ್ಯಾಸ ಲೆಕ್ಕಕ್ಕೇ ಇಲ್ಲ; ನಾವು ದಿನಾ ಜಗಲಿಯಲ್ಲಿ ಕೂತು ಮಾತಾಡುವಾಗ ಕಾಣುವ ಮುಖಕ್ಕೆ ಹತ್ತಿರವಾದದ್ದೇ ಬರುತ್ತದೆ. ಇನ್ನೂ ಹಿಂದೆ, ಹದಿನೈದು ಇಪ್ಪತ್ತು ಮೀಟರಿಗೆ ಹೋದರೆ ಮೂಗು, ಕೆನ್ನೆ, ಕಿವಿ ಎಲ್ಲ ಒಂದೇ ಹಲಗೆಗೆ ಅಂಟಿಸಿದ ಹಾಗೆ. ಮುಖ ಅಗಲವಾಗುತ್ತದೆ, ಒಳಗೆ ಆಳವೇ ಇಲ್ಲದ ಹಾಗೆ ಕಾಣುತ್ತದೆ. ಇದರಲ್ಲಿ ಲೆನ್ಸಿನ ತಪ್ಪೂ ಇಲ್ಲ, ಪುಣ್ಯವೂ ಇಲ್ಲ. ಎಲ್ಲಿ ನಿಂತೆವು ಎಂಬುದೊಂದೇ. ಅದಕ್ಕೇ ನಾನು ಹುಡುಗರಿಗೆ ಜೂಮ್ ತಿರುಗಿಸುವ ಮೊದಲು ಕಾಲು ತೆಗೆದು ನಡೆಯಿರಿ ಎನ್ನುವುದು. ಮೂರು ನಾಲ್ಕು ಮೀಟರಿಗೆ ಬನ್ನಿ, ಆಮೇಲೆ ಬೇಕಾದಷ್ಟು ಕತ್ತರಿಸಿ.

ಉಳಿದದ್ದು ಅಭ್ಯಾಸದ ಸಂಗತಿ, ಬೇಗ ಹೇಳಿ ಮುಗಿಸುತ್ತೇನೆ. ಲೆನ್ಸು 300 ಎಂ.ಎಂ. ಆದರೆ ಶಟರ್ ವೇಗ ಸೆಕೆಂಡಿನ 300ರಲ್ಲಿ ಒಂದಂಶಕ್ಕಿಂತ ನಿಧಾನ ಇರಬಾರದು. ನಮ್ಮ ಹುಡುಗರ ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ 500ರಲ್ಲಿ ಒಂದು ಬೇಕು, ನಡೆಯುವವರಾದರೆ 1000ದಲ್ಲಿ ಒಂದು. ಕೈ ನಡುಕಕ್ಕೆ ಲೆನ್ಸಿನೊಳಗೇ ಮದ್ದು ಉಂಟು, ಆದರೆ ಎದುರಿನವರು ತಲೆ ತಿರುಗಿಸಿದರೆ ಅದಕ್ಕೆ ಮದ್ದಿಲ್ಲ. ಫೋಕಸ್ ಕಣ್ಣಿಗೆ, ಅದರಲ್ಲೂ ನಮಗೆ ಹತ್ತಿರದ ಕಣ್ಣಿಗೆ. 200 ಎಂ.ಎಂ.ನಲ್ಲಿ ಅಪರ್ಚರ್ ಎಫ್ 2.8 ಇಟ್ಟು ಮೂರು ಮೀಟರಿನಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಹೆಚ್ಚು ಕಮ್ಮಿ ನಾಲ್ಕು ಸೆಂಟಿಮೀಟರ್ ಅಷ್ಟೆ. ಮೂಗು ಸ್ಪಷ್ಟ, ಕಣ್ಣು ಮಸುಕು ಎಂಬ ದೂರು ಬರುವುದು ಅಲ್ಲಿಂದ. ಹಿನ್ನೆಲೆ ಕರಗಬೇಕಾದರೆ ಮನುಷ್ಯನನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ಹಿಂದೆ ಬಯಲು ಇರಲಿ. ನಡು ಮಧ್ಯಾಹ್ನ ಪದವಿನ ಮುರಕಲ್ಲಿನ ಮೇಲೆ ಬಿಸಿ ಗಾಳಿ ಕುಣಿಯುವುದನ್ನು ನೋಡಿದ್ದೀರಲ್ಲ? ಅದರ ಮೂಲಕ ತೆಗೆದ ಚಿತ್ರ ಲಕ್ಷ ರೂಪಾಯಿಯ ಲೆನ್ಸಿನಲ್ಲೂ ನೀರಿನೊಳಗಿನ ಹಾಗೇ ಬರುತ್ತದೆ. ಅಡಿಕೆ ತೋಟದೊಳಗಿನ ನೆರಳು ಕಣ್ಣಿಗೆ ತಂಪು, ಮುಖಕ್ಕೆ ಚುಕ್ಕಿ ಚುಕ್ಕಿ. ಮಾಡಿನ ಅಂಚಿನ ನೆರಳು ಒಳ್ಳೆಯದು. ಅಲ್ಲಿ ಮುಖವನ್ನು ಅಂಗಳದ ಕಡೆಗೆ ತಿರುಗಿಸಿ ನಿಲ್ಲಿಸಿ, ಕೆಳಗೆ ಒಂದು ಬಿಳಿ ಮುಂಡು ಹರಡಿದರೆ ಕಣ್ಣಿನ ಗುಳಿಯ ಕತ್ತಲೆಯೂ ಹೋಗುತ್ತದೆ.

ಗಮನಿಸಿದರೆ ಇದರಲ್ಲಿ ಅರ್ಧದಷ್ಟು ಆ ಮನುಷ್ಯನಲ್ಲಿ ಮಾತಾಡದೆ ಆಗುವ ಕೆಲಸ ಅಲ್ಲ. ನೆರಳಿಗೆ ಬನ್ನಿ, ಇತ್ತ ತಿರುಗಿ, ಸ್ವಲ್ಪ ನಿಲ್ಲಿ ಎನ್ನಬೇಕು. ಉದ್ದದ ಲೆನ್ಸಿನ ಆಕರ್ಷಣೆ ಇರುವುದೇ ಆ ಮಾತು ತಪ್ಪಿಸಬಹುದು ಎಂಬಲ್ಲಿ.

ಅದಕ್ಕೆ ಹೋಗುವ ಮೊದಲು "ಚಂದ ಮಾಡುವುದು" ಎಂಬ ಇನ್ನೊಂದು ರೋಗದ ಬಗ್ಗೆ ಹೇಳಬೇಕು. ತೆಗೆದ ಮೇಲೆ ಮೊಬೈಲಿಗೆ ಹಾಕಿ ಬೆರಳು ಒತ್ತಿದರೆ ಮುಖ ಬೆಳ್ಳಗಾಗುತ್ತದೆ. ಹೊಲದಲ್ಲಿ ಐವತ್ತು ವರ್ಷ ದುಡಿದವನ ಹಣೆಯ ಗೆರೆಗಳೂ ಒತ್ತಿದಲ್ಲಿಗೆ ಮಾಯ. ಇದು ಮೊಬೈಲು ಬಂದ ಮೇಲಿನ ಚಾಳಿ ಎಂದು ತಿಳಿಯಬೇಡಿ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪೆನಿ ಫೋಟೋ ಲ್ಯಾಬುಗಳಿಗೆ ಬಣ್ಣ ಸರಿ ಮಾಡಿಕೊಳ್ಳಲಿಕ್ಕೆ ಒಂದು ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಒಬ್ಬಳು ಬಿಳಿ ಹೆಂಗಸಿನ ಚಿತ್ರ. ಮೊದಲ ಹೆಂಗಸಿನ ಹೆಸರಿನಿಂದ ಅದಕ್ಕೆ 'ಶರ್ಲಿ ಕಾರ್ಡ್' ಎಂದೇ ಹೆಸರು ಬಿತ್ತು. ಅವಳ ಚರ್ಮ ಸರಿ ಬಂದರೆ ಪ್ರಿಂಟು ಸರಿ. ಜಗತ್ತಿನ ಉಳಿದ ಮೈಬಣ್ಣಗಳೆಲ್ಲ ಆ ಒಂದು ಮುಖಕ್ಕೆ ಹೊಂದಿಕೊಳ್ಳಬೇಕು! ನಮ್ಮ ಊರಿನ ಮದುವೆ ಆಲ್ಬಮುಗಳಲ್ಲಿ ಕಪ್ಪು ಮೈಬಣ್ಣದವರ ಮುಖದಲ್ಲಿ ಬರೀ ಹಲ್ಲು ಮತ್ತು ಕಣ್ಣು ಕಾಣುವುದಕ್ಕೆ ಸ್ಟುಡಿಯೋದವನ ಅವಸರ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ ಇರಬೇಕು ಎಂದು ನನ್ನ ಅಂದಾಜು. ಕಪ್ಪು ಮುಖವನ್ನು ಕಪ್ಪಾಗಿಯೇ, ಆದರೆ ಅದರ ಹೊಳಪು ಉಳಿಯುವ ಹಾಗೆ ತೆಗೆಯುವುದು ಬೇರೆ, ಬೆಳ್ಳಗೆ ಮಾಡಿ ಕೊಡುವುದು ಬೇರೆ. ಮೊದಲನೆಯದಕ್ಕೆ ಬೆಳಕು ನೋಡಲು ಕಲಿಯಬೇಕು. ಎರಡನೆಯದು "ನೀನು ಇದ್ದ ಹಾಗೆ ಸಾಲದು" ಎಂದು ಮುಖಕ್ಕೆ ಹೇಳಿದ ಹಾಗೆ. ಅವರೇ ಬೆಳ್ಳಗೆ ಮಾಡಿ ಕೊಡು ಎಂದು ಕೇಳಿದರೆ? ಕೇಳುತ್ತಾರೆ, ಹೆಚ್ಚಿನವರು ಕೇಳುತ್ತಾರೆ. ಮದುವೆಗೆ ಇರುವ ಹುಡುಗಿಯ ಅಮ್ಮ ಕೇಳಿದರೆ ನಾನು ವಾದ ಮಾಡಲು ಹೋಗುವುದಿಲ್ಲ. ಅವರ ಮೇಲಿರುವ ಒತ್ತಡ ನನಗೆ ಗೊತ್ತುಂಟು.

ಈಗ ಕೇಳದೆ ತೆಗೆಯುವ ವಿಷಯ.

ಇದು ಹಳೆಯ ಆಸೆ. 1916ರಲ್ಲಿ ನ್ಯೂಯಾರ್ಕಿನಲ್ಲಿ ಪಾಲ್ ಸ್ಟ್ರ್ಯಾಂಡ್ ಎಂಬವರು ಬೀದಿಯ ಜನರ ಮುಖಗಳನ್ನು ಹತ್ತಿರದಿಂದ ತೆಗೆಯಬೇಕೆಂದು ಕ್ಯಾಮೆರಾದ ಪಕ್ಕಕ್ಕೆ ಒಂದು ಸುಳ್ಳು ಲೆನ್ಸು ಜೋಡಿಸಿಕೊಂಡರು. ಜನ ಅದು ಬೇರೆ ಕಡೆ ನೋಡುತ್ತಿದೆ ಎಂದು ತಿಳಿಯುತ್ತಿದ್ದರು. ಆ ವರ್ಷದ ಅವರ ಹೆಸರುವಾಸಿ ಚಿತ್ರ ಒಬ್ಬ ಕುರುಡಿ ಹೆಂಗಸಿನದ್ದು. ಕುತ್ತಿಗೆಯಲ್ಲಿ "ಕುರುಡಿ" ಎಂದು ಬರೆದ ಹಲಗೆ. ಛಾಯಾಚಿತ್ರ ಕಲೆಯ ಚರಿತ್ರೆ ಬರೆಯುವವರು ಆ ಚಿತ್ರವನ್ನು ಬಿಡುವುದಿಲ್ಲ. ಇಪ್ಪತ್ತೆರಡು ವರ್ಷಗಳ ನಂತರ ಅದೇ ಊರಿನಲ್ಲಿ ವಾಕರ್ ಇವಾನ್ಸ್ ಕೋಟಿನ ಒಳಗೆ ಕ್ಯಾಮೆರಾ ಅಡಗಿಸಿ, ಗುಂಡಿಗಳ ನಡುವೆ ಲೆನ್ಸು ಇಣುಕಿಸಿ, ತೋಳಿನೊಳಗಿಂದ ತಂತಿ ಎಳೆದು, ನೆಲದಡಿಯ ರೈಲಿನಲ್ಲಿ ಎದುರು ಕೂತವರ ಚಿತ್ರ ತೆಗೆದರು. 1938ರಿಂದ 1941ರವರೆಗೆ ತೆಗೆದ ಆ ಚಿತ್ರಗಳು ಪುಸ್ತಕವಾದದ್ದು 1966ರಲ್ಲಿ. ಅಷ್ಟು ವರ್ಷ ತಡೆದಿಟ್ಟ ಆ ತಾಳ್ಮೆಯ ಬಗ್ಗೆ ನನಗೆ ಗೌರವ ಉಂಟು. ಕದ್ದು ತೆಗೆದದ್ದರ ಬಗ್ಗೆ ಮನಸ್ಸು ಎರಡಾಗಿದೆ.

ನಮ್ಮ ಉದ್ದದ ಲೆನ್ಸಿಗೆ ನೇರ ಸಂಬಂಧ ಇರುವ ಪ್ರಕರಣ ಇನ್ನೂ ಈಚಿನದು. 1999ರಿಂದ 2001ರ ನಡುವೆ ಫಿಲಿಪ್ ಲೋರ್ಕಾ ಡಿಕೋರ್ಷಿಯಾ ಎಂಬ ಛಾಯಾಗ್ರಾಹಕರು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಎಂಬ ಗಿಜಿಗಿಜಿ ಜಾಗದಲ್ಲಿ ಕಟ್ಟಡದ ಸಾರಣೆಗೆ ಫ್ಲಾಶ್ ಕಟ್ಟಿ, ತಾವು ದೂರ ನಿಂತು ಉದ್ದದ ಲೆನ್ಸಿನಲ್ಲಿ ದಾರಿಹೋಕರ ಮುಖಗಳನ್ನು ತೆಗೆದರು. ಸಾವಿರಾರು ತೆಗೆದು ಹದಿನೇಳನ್ನು ಆರಿಸಿ ಪ್ರದರ್ಶನ ಮಾಡಿದರು. ಚಿತ್ರಗಳು ನಿಜಕ್ಕೂ ಅದ್ಭುತ. ಸುತ್ತ ಕತ್ತಲು, ನಡುವೆ ಒಂದು ಮುಖ, ತನ್ನೊಳಗೇ ಏನನ್ನೋ ಯೋಚಿಸುತ್ತಾ ಹೋಗುವ ಮುಖ. ಆ ಹದಿನೇಳರಲ್ಲಿ ಒಬ್ಬರು ಸಂಪ್ರದಾಯಸ್ಥ ಯಹೂದಿ ವೃದ್ಧರು. ತನ್ನ ಪ್ರತಿಮೆ ಮಾಡಿಸಿಕೊಳ್ಳುವುದು ಅವರ ಧರ್ಮಕ್ಕೆ ವಿರುದ್ಧ. ಚಿತ್ರದ ಪ್ರತಿಗಳು ಸಾವಿರಾರು ಡಾಲರಿಗೆ ಮಾರಾಟವಾದ ಮೇಲೆ ಅವರಿಗೆ ವಿಷಯ ತಿಳಿಯಿತು. ಕೋರ್ಟಿಗೆ ಹೋದರು. 2006ರಲ್ಲಿ ನ್ಯಾಯಾಧೀಶರು ಇದು ಕಲೆ, ಕಲೆಗೆ ಅಭಿವ್ಯಕ್ತಿ ಸ್ವಾತಂತ್ರ್ಯ ಉಂಟು ಎಂದು ದಾವೆಯನ್ನು ವಜಾ ಮಾಡಿದರು.

ಕಾನೂನಿನ ಪ್ರಕಾರ ಆ ತೀರ್ಪು ಸರಿ ಇರಬಹುದು. ಬೀದಿಯಲ್ಲಿ ತೆಗೆಯುವುದಕ್ಕೆಲ್ಲ ಸಹಿ ಬೇಕೆಂದರೆ ಪತ್ರಿಕೆಗಳು ನಿಲ್ಲುತ್ತವೆ, ಪೋಲೀಸರ ಲಾಠಿ ಯಾರ ಮೇಲೆ ಬಿತ್ತು ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಒಪ್ಪಿದೆ. ಆದರೆ ಲಾಠಿ ಎತ್ತಿದ ಪೋಲೀಸನ ಮುಖಕ್ಕೂ, ಪೇಟೆಗೆ ಹೋಗುತ್ತಿದ್ದ ಮುದುಕನ ಮುಖಕ್ಕೂ ವ್ಯತ್ಯಾಸ ಇಲ್ಲವೇ? ಮೊದಲನೆಯವನು ಊರೆದುರು ಒಂದು ಕೆಲಸ ಮಾಡುತ್ತಿದ್ದಾನೆ, ಅದನ್ನು ನೋಡುವ ಹಕ್ಕು ಊರಿಗೆ ಉಂಟು. ಎರಡನೆಯವರು ಬರೀ ನಡೆಯುತ್ತಿದ್ದರು.

ಇಂಥದ್ದು ನಡೆಯಲಿಕ್ಕೆ ನ್ಯೂಯಾರ್ಕೇ ಆಗಬೇಕೆಂದಿಲ್ಲ. ನಮ್ಮ ಹತ್ತಿರದ ಊರಿನ ಒಬ್ಬ ಹುಡುಗ, ಕೈ ಒಳ್ಳೆಯದುಂಟು ಅವನದ್ದು, ಗುಡ್ಡೆಯಿಂದ ಸೊಪ್ಪಿನ ಕಟ್ಟು ಹೊತ್ತು ಇಳಿಯುತ್ತಿದ್ದ ಒಬ್ಬಾಕೆಯನ್ನು ಗದ್ದೆಯ ಆಚೆ ಬದಿಯಿಂದ 300 ಎಂ.ಎಂ.ನಲ್ಲಿ ತೆಗೆದ. ಸಂಜೆಯ ಬಿಸಿಲು ಹಿಂದಿನಿಂದ. ಸೊಪ್ಪಿನ ಅಂಚೆಲ್ಲ ಚಿನ್ನ, ಹುಬ್ಬಿನಿಂದ ಬೀಳಲಿರುವ ಒಂದು ಬೆವರ ಹನಿ. ಸ್ಪರ್ಧೆಯೊಂದರಲ್ಲಿ ಬಹುಮಾನ ಬಂತು. 'ಬದುಕಿನ ಭಾರ' ಎಂದು ಹೆಸರಿಟ್ಟಿದ್ದ. ಪೇಟೆಯಲ್ಲಿ ಪ್ರದರ್ಶನದ ಫ್ಲೆಕ್ಸು ಹಾಕಿದವರು ಅದನ್ನೇ ದೊಡ್ಡದು ಮಾಡಿ ಹಾಕಿದರು. ಆಕೆ ರೇಶನ್ನಿಗೆ ಬಂದವರು ಬಸ್ಸು ಇಳಿದು ನೋಡುವಾಗ ತಾನೇ ಮೇಲೆ ನಿಂತಿದ್ದೇನೆ!

ಕೆಲವು ದಿನ ಕಳೆದು ದಾರಿಯಲ್ಲಿ ಸಿಕ್ಕಿದಾಗ ನಾನು ಆ ಚಿತ್ರದ ಮಾತೆತ್ತಿದೆ. ಅವರು ಹೇಳಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಚಂದ ಬಂದಿದೆ ಮಾಷ್ಟ್ರೇ, ಇಲ್ಲಾಂತ ಹೇಳುದಿಲ್ಲ. ಆದ್ರೆ ಆ ದಿನ ನನ್ನ ರವಿಕೆಯ ತೋಳು ಹರಿದಿತ್ತು. ಹೇಳಿದ್ದಿದ್ರೆ ಬೇರೆ ಹಾಕ್ತಿದ್ದೆ. ಇನ್ನೊಂದು ಉಂಟಲ್ಲ ನನ್ನ ಹತ್ರ." ಸ್ವಲ್ಪ ನಡೆದು ಮತ್ತೆ ತಿರುಗಿ, "ಬದುಕಿನ ಭಾರ ಅಂತ ಬರ್ದಿದ್ದಾರಂತೆ, ಹೌದಾ? ಅದು ಸೊಪ್ಪಿನ ಭಾರ ಅಲ್ವಾ?" ಎಂದು ನಕ್ಕರು.

ಹುಡುಗನ ವಾದ ನಾನು ಕೇಳಿದ್ದೇನೆ. ಅದನ್ನು ಹಗುರ ಮಾಡುವುದು ನ್ಯಾಯವಲ್ಲ. "ಮೊದಲೇ ಹೇಳಿದ್ರೆ ಅವರು ಕಟ್ಟು ಇಳಿಸಿ, ಸೆರಗು ಸರಿ ಮಾಡಿ, ಸೆಟೆದು ನಿಲ್ತಿದ್ರು ಸರ್. ಚಿತ್ರ ಹೋಯ್ತು. ಇದರಿಂದ ಅವರಿಗೆ ಎಂತ ನಷ್ಟ ಆಯ್ತು? ಅವರಿಗೆ ಗೌರವ ಬರುವ ಹಾಗೇ ಅಲ್ವಾ ತೆಗ್ದದ್ದು?" ಅವನು ಸುಳ್ಳು ಹೇಳುತ್ತಿಲ್ಲ. ಕ್ಯಾಮೆರಾ ಕಂಡ ಕೂಡಲೇ ನಮ್ಮವರ ಮುಖ ಬದಲಾಗುತ್ತದೆ. ಅದುವರೆಗೆ ಹರಟುತ್ತಿದ್ದ ಅಜ್ಜ ಉಸಿರು ಬಿಗಿಹಿಡಿದು ಸರಕಾರಿ ಗುರುತು ಚೀಟಿಯ ಮುಖ ಮಾಡುತ್ತಾನೆ. ಆ ಮುಖಕ್ಕಿಂತ ಕದ್ದು ತೆಗೆದ ಮುಖದಲ್ಲಿ ಸತ್ಯ ಹೆಚ್ಚು ಎಂಬುದು ಉದ್ದದ ಲೆನ್ಸಿನವರೆಲ್ಲರ ನಂಬಿಕೆ.

ನನಗೆ ಆ ನಂಬಿಕೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಹಳೆಯ ಮನೆಗಳ ಗೋಡೆಯಲ್ಲಿ ತೂಗುವ ಚಿತ್ರಗಳನ್ನು ನೋಡಿ: ಅಜ್ಜ ಕುರ್ಚಿಯಲ್ಲಿ, ಅಜ್ಜಿ ಪಕ್ಕದಲ್ಲಿ ನಿಂತು, ಇಬ್ಬರೂ ಮರದ ಬೊಂಬೆಯ ಹಾಗೆ. ನಗು ಇಲ್ಲ. ಆದರೂ ಅದು ಸುಳ್ಳು ಮುಖವಲ್ಲ. ತಾನು ಹೀಗೆ ಕಾಣಬೇಕು, ಮೊಮ್ಮಕ್ಕಳ ಕಣ್ಣಲ್ಲಿ ಹೀಗೆ ಉಳಿಯಬೇಕು ಎಂದು ಆ ಮನುಷ್ಯ ತಾನೇ ಆರಿಸಿಕೊಂಡ ಮುಖ ಅದು. ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದದ್ದೂ ಅದಕ್ಕೇ. ಸೊಪ್ಪು ಹೊತ್ತ ಆಕೆಗೆ ಹರಿಯದ ಇನ್ನೊಂದು ರವಿಕೆ ಇತ್ತು ಎಂಬುದೂ ಒಂದು ಸತ್ಯ ಅಲ್ಲವೇ? 'ಬದುಕಿನ ಭಾರ'ದಲ್ಲಿ ಅದಕ್ಕೆ ಜಾಗ ಇಲ್ಲ. ಬಡವರ ಹರಿದ ಬಟ್ಟೆಯಲ್ಲಿ ಮಾತ್ರ ಸತ್ಯ ಕಾಣುವ ಕಣ್ಣು, ಪೇಟೆಯ ಡಾಕ್ಟರರ ಮನೆಯವರು ಬಟ್ಟೆ ಒಗೆಯುವಾಗ ಮುನ್ನೂರು ಎಂ.ಎಂ. ಹಿಡಿದು ಗದ್ದೆಯ ಆಚೆ ಕೂರುವುದಿಲ್ಲ. ಕೂತರೆ ಪೆಟ್ಟು ಬೀಳುತ್ತದೆ ಎಂದು ಅದಕ್ಕೆ ಗೊತ್ತುಂಟು. ಯಾರನ್ನು ಕೇಳದೆ ತೆಗೆಯಬಹುದು, ಯಾರನ್ನು ಕೇಳಿಯೇ ತೆಗೆಯಬೇಕು ಎಂಬ ಲೆಕ್ಕ ನಮ್ಮ ಊರಿನಲ್ಲಿ ಕ್ಯಾಮೆರಾ ಬರುವ ಮೊದಲೇ ಇತ್ತು. ಲೆನ್ಸು ಅದನ್ನು ಅಳಿಸಲಿಲ್ಲ.

ಹಾಗಾದರೆ ಮೊದಲೇ ಕೇಳಬೇಕೋ? ಪ್ರತಿ ಸಲವೂ ಆಗಲಿಕ್ಕಿಲ್ಲ. ಮಗು ನಗುವ ಗಳಿಗೆ ಅರ್ಜಿ ಹಾಕಿ ಕಾಯುವುದಿಲ್ಲ. ನಾನು ತೆಗೆದ ಮೇಲೆ ಹೋಗುತ್ತೇನೆ. ಗದ್ದೆ ದಾಟಬೇಕು, ತೋಡು ದಾಟಬೇಕು, ಕೆಲವು ಸಲ ನಾಯಿಯನ್ನೂ ದಾಟಬೇಕು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತೋರಿಸಿ "ಇಟ್ಟುಕೊಳ್ಳಲಾ?" ಎಂದು ಕೇಳುತ್ತೇನೆ. ಬೇಡ ಎಂದರೆ ಅವರೆದುರೇ ಅಳಿಸುತ್ತೇನೆ. ಬೇಡ ಎನ್ನುವವರು ಕಮ್ಮಿ. ಹೆಚ್ಚಿನವರು "ಇನ್ನೊಂದು ತೆಗೀರಿ, ಸರಿಯಾಗಿ" ಎನ್ನುತ್ತಾರೆ. ಆ ಎರಡನೆಯದರಲ್ಲಿ ಮೊದಲನೆಯದಕ್ಕಿಂತ ಒಳ್ಳೆಯವು ಬಂದದ್ದೂ ಉಂಟು, ಯಾಕೆಂದರೆ ಅಷ್ಟರೊಳಗೆ ನಾನು ಹದಿನೈದು ಮೀಟರಿನಿಂದ ಮೂರು ಮೀಟರಿಗೆ ಬಂದಿರುತ್ತೇನೆ, ಮಾತು ಸುರುವಾಗಿರುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ ಅವರು ಯುನಿಸೆಫಿಗಾಗಿ ತೆಗೆದ ಮಕ್ಕಳ ಕಪ್ಪುಬಿಳುಪು ಚಿತ್ರಗಳನ್ನು ನೋಡುವಾಗ ನನಗೆ ಯಾವಾಗಲೂ ಅನ್ನಿಸುವುದು, ಈ ಮಕ್ಕಳು ಈ ಮನುಷ್ಯನ ಜತೆ ಈಗಷ್ಟೇ ಏನೋ ಮಾತಾಡಿದ್ದಾರೆ ಎಂದು.

ಹೆಸರೂ ಒಂದು ದೂರವೇ. 1984ರಲ್ಲಿ ಪಾಕಿಸ್ತಾನದ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದ ಹಸಿರು ಕಣ್ಣಿನ ಅಫ್ಘಾನ್ ಹುಡುಗಿಯ ಚಿತ್ರ ನಿಮ್ಮಲ್ಲಿ ಹಲವರು ಕಂಡಿರಬಹುದು. 105 ಎಂ.ಎಂ. ಲೆನ್ಸು. 1985ರ ಜೂನಿನ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಬಂದು ಜಗತ್ತಿನ ಮೂಲೆ ಮೂಲೆಗೆ ಹೋಯಿತು. 2002ರಲ್ಲಿ ಹುಡುಕಿಕೊಂಡು ಹೋಗುವವರೆಗೆ ಆ ಹುಡುಗಿಯ ಹೆಸರು ತೆಗೆದವರಿಗೇ ಗೊತ್ತಿರಲಿಲ್ಲ. ತನ್ನ ಆ ಚಿತ್ರವನ್ನು ಆಕೆ ಮೊದಲ ಬಾರಿ ಕಂಡದ್ದೂ ಆಗಲೇ.

ಇಲ್ಲಿಯವರೆಗೆ ಹೇಳಿದ್ದು ನನಗೆ ಹೆಚ್ಚು ಕಮ್ಮಿ ಖಚಿತ ಇರುವ ಸಂಗತಿ. ಖಚಿತ ಇಲ್ಲದ್ದು ಎಣ್ಮಕಜೆಯ ಚಿತ್ರಗಳ ಬಗ್ಗೆ. ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ ಸುಮಾರು ಇಪ್ಪತ್ತು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇಲ್ಲಿ ಓದುವ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಶ್ರೀ ಪಡ್ರೆಯವರು ಬರೆದರು, ಡಾ. ವೈ.ಎಸ್. ಮೋಹನ ಕುಮಾರರು ರೋಗಿಗಳ ಲೆಕ್ಕ ಇಟ್ಟರು. ಆದರೆ ದಿಲ್ಲಿಯವರೆಗೆ ಮುಟ್ಟಿದ್ದು ಆ ಮಕ್ಕಳ ಮುಖಗಳು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಲ್ಲಿಸಿತು, 2017ರಲ್ಲಿ ಐದು ಲಕ್ಷ ಪರಿಹಾರ ಕೊಡಿ ಎಂದಿತು. ಚಿತ್ರಗಳಿಲ್ಲದಿದ್ದರೆ ಇದು ಆಗುತ್ತಿತ್ತೇ? ನನಗೆ ಸಂಶಯ. ಹಾಗಾದರೆ ಆ ಚಿತ್ರ ತೆಗೆದದ್ದು ಸರಿ. ಆದರೆ ಆ ಮಕ್ಕಳಲ್ಲಿ ಕೆಲವರಿಗೆ ಬೇಡ ಎನ್ನಲಿಕ್ಕೆ ಮಾತೇ ಇರಲಿಲ್ಲ. ಅಪ್ಪ ಅಮ್ಮ ಹೂಂ ಎಂದದ್ದು ಬೇರೆ ದಾರಿ ಇಲ್ಲದ್ದಕ್ಕೆ. ಅಂಥ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ? ಇನ್ನೊಂದು ಕಷ್ಟ, ಅವೇ ಮುಖಗಳು ವರ್ಷ ವರ್ಷ ಮತ್ತೆ ಮತ್ತೆ ಅಚ್ಚಾಗುತ್ತವೆ. ಆ ಮಗು ಬೆಳೆದಿರುತ್ತದೆ, ಅಥವಾ ಇರುವುದೇ ಇಲ್ಲ. ಚಿತ್ರ ಮಾತ್ರ ಅಲ್ಲೇ. ತೆಗೆಯಬಾರದಿತ್ತು ಎಂದು ನಾನು ಹೇಳಲಾರೆ. ತೆಗೆದವರಲ್ಲಿ ಒಂದೆರಡು ಜನ ಆಮೇಲೂ ಆ ಮನೆಗಳಿಗೆ ಬಂದು ಹೋಗುತ್ತಿದ್ದರು, ಕ್ಯಾಮೆರಾ ಇಲ್ಲದೆ. ಕಾರಿನಿಂದ ಇಳಿಯದೆ ಕಿಟಕಿಯಿಂದ ಲೆನ್ಸು ಚಾಚಿದವರೂ ಇದ್ದರು. ಪತ್ರಿಕೆಯಲ್ಲಿ ಎರಡೂ ಒಂದೇ ಹಾಗೆ ಕಾಣುತ್ತವೆಯೋ ಏನೋ. ನಮಗೆ ಇಲ್ಲಿ ಒಂದೇ ಹಾಗೆ ಕಾಣಲಿಲ್ಲ.

ಕೊನೆಗೆ ಕಾವಿಗೇ ಬರುತ್ತೇನೆ. ಚಂದ್ರಗಿರಿ ಹೊಳೆಯ ತೆಂಕಕ್ಕೆ ತೆಯ್ಯಂ, ಬಡಗಕ್ಕೆ ಭೂತಕೋಲ ಎಂದು ಹೇಳುವುದುಂಟು, ನಮ್ಮ ಕಡೆ ಎರಡೂ ಉಂಟು. ತೆಯ್ಯಂ ಕಟ್ಟುವವನು ಮುಖಕ್ಕೆ ಬಣ್ಣ ಬರೆಸಿಕೊಂಡು, ಮುಡಿ ಏರಿಸಿಕೊಂಡು, ಪೀಠದಲ್ಲಿ ಕೂತು ಕೈಗನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುವ ಒಂದು ಗಳಿಗೆ ಬರುತ್ತದೆ. ಕನ್ನಡಿಯಲ್ಲಿ ಅವನು ತನ್ನನ್ನು ಕಾಣುವುದಿಲ್ಲ, ದೈವವನ್ನು ಕಾಣುತ್ತಾನೆ. ಅಲ್ಲಿಂದ ಮುಂದೆ ಅವನು ಅವನಲ್ಲ. ಎಲ್ಲ ಉದ್ದದ ಲೆನ್ಸುಗಳೂ ಕಾದು ಕೂತಿರುವುದು ಆ ಗಳಿಗೆಗೆ. ಕನ್ನಡಿ, ಕಣ್ಣು, ಬಣ್ಣ ಎಲ್ಲ ಒಂದೇ ಚೌಕಟ್ಟಿನಲ್ಲಿ ಸಿಗುತ್ತದಲ್ಲ. ಆಗ ಯಾರನ್ನು ಕೇಳಬೇಕು? ಮನುಷ್ಯನನ್ನು ಕೇಳಲು ಅವನು ಅಲ್ಲಿಲ್ಲ. ದೈವವನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ಕಾವಿನ ಕಮಿಟಿಯವರು ಕೆಲವೆಡೆ ಫೋಟೋ ಬೇಡ ಎಂದು ಬೋರ್ಡು ಹಾಕುತ್ತಾರೆ, ಕೆಲವೆಡೆ ಫೋಟೋದವರಿಗೆ ಮುಂದಿನ ಸಾಲು ಬಿಡುತ್ತಾರೆ. ಬೋರ್ಡು ಹಾಕಿದಲ್ಲಿ ಉದ್ದದ ಲೆನ್ಸು ಬೇಲಿಯ ಆಚೆಯಿಂದ ಕೆಲಸ ಮಾಡುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ.

ಇದನ್ನು ಕಟ್ಟುವವರು ಯಾರು ಎಂಬುದನ್ನೂ ಮರೆಯಬಾರದು. ಇಷ್ಟಿಷ್ಟು ಹೆಜ್ಜೆ ದೂರ ನಿಲ್ಲಬೇಕೆಂದು ಹಿಂದಿನ ಕಾಲದಲ್ಲಿ ಯಾರಿಗೆ ಅಳೆದು ಹೇಳಿದ್ದರೋ ಅವರ ಮೊಮ್ಮಕ್ಕಳು. ಪೊಟ್ಟನ್ ತೆಯ್ಯಂನ ಕತೆಯೇ ಅದಲ್ಲವೇ, ದಾರಿ ಬಿಟ್ಟು ದೂರ ಹೋಗು ಎಂದ ಶಂಕರಾಚಾರ್ಯರಿಗೆ ಯಾಕೆ ಹೋಗಬೇಕು ಎಂದು ಕೇಳಿದ್ದು. ಬಣ್ಣ ಹಚ್ಚಿದ ದಿನ ಎಲ್ಲರೂ ಅವರ ಹತ್ತಿರ ಹೋಗುತ್ತಾರೆ, ತಲೆ ಬಾಗಿಸುತ್ತಾರೆ. ಪತ್ತನಾಜೆ ಕಳೆದು ಮಳೆ ಹಿಡಿದರೆ ಹಲವರು ಕೂಲಿಗೆ ಹೋಗುತ್ತಾರೆ. ಆಗ ಅವರನ್ನು ಯಾವ ಲೆನ್ಸೂ ಹುಡುಕುವುದಿಲ್ಲ.

ಅಂಥ ಒಬ್ಬರು ಹೋದ ಆಟಿ ತಿಂಗಳಲ್ಲಿ ನಮ್ಮ ಮನೆಗೆ ಮಾಡು ಸರಿಮಾಡಲು ಬಂದಿದ್ದರು. ಚಾ ಕುಡಿಯುವಾಗ ಮೊಬೈಲು ತೆಗೆದು ಯಾರು ಯಾರೋ ಕಳಿಸಿದ ತನ್ನ ತೆಯ್ಯಂ ಚಿತ್ರಗಳನ್ನು ತೋರಿಸಿದರು. ಇನ್ನೂರು ಮುನ್ನೂರು ಇರಬಹುದು. ಕಣ್ಣಿನ ರೆಪ್ಪೆ ಎಣಿಸುವಷ್ಟು ಸ್ಪಷ್ಟ, ಹಿನ್ನೆಲೆ ಬೆಣ್ಣೆಯ ಹಾಗೆ ಕರಗಿದ್ದು, ಒಂದಕ್ಕಿಂತ ಒಂದು ಚಂದ. ತೋರಿಸಿ ಮುಗಿದ ಮೇಲೆ, "ಬಣ್ಣ ಇಲ್ಲದ್ದು ಒಂದೂ ಇಲ್ಲ ಮಾಷ್ಟ್ರೇ, ಮನೆಯಲ್ಲಿ ಹಾಕ್ಲಿಕ್ಕೆ. ನಿಮ್ಮ ಹತ್ರ ಕ್ಯಾಮೆರಾ ಉಂಟಲ್ಲ?" ಎಂದರು. ನಾನು ಆಗಲೇ ತರಲು ಎದ್ದೆ. ಬೇಡ, ನಾಳೆ ಅಂಗಿ ಹಾಕಿ ಬರುತ್ತೇನೆ ಎಂದರು.

ಮರುದಿನ ಬಿಳಿ ಅಂಗಿ, ಬಿಳಿ ಮುಂಡು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಬಂದರು. ಮಳೆ ಸ್ವಲ್ಪ ಬಿಟ್ಟಿತ್ತು, ಮೋಡದ ಬೆಳಕು. ಮಾಡಿನ ಅಂಚಿನ ಕೆಳಗೆ ನಿಲ್ಲಿಸಿ ಎರಡೂವರೆ ಮೀಟರ್ ದೂರದಿಂದ 85 ಎಂ.ಎಂ.ನಲ್ಲಿ ತೆಗೆದೆ. ಕೈ ಎರಡೂ ನೇರ ಕೆಳಗೆ ಇಟ್ಟು, ಉಸಿರು ಬಿಗಿಹಿಡಿದು, ಗುರುತು ಚೀಟಿಗೆ ನಿಂತ ಹಾಗೆ ನಿಂತರು. ಸ್ವಲ್ಪ ಸಡಿಲ ಬಿಡಿ ಎಂದು ಹೇಳುವ ಎಂದುಕೊಂಡೆ. ಹೇಳಲಿಲ್ಲ.